ನಮ್ಮ ಸೀಮೆಗೆ ಬಂದ ಹಾಕಿ ತಂಡ

ಬೆಂಗಳೂರಿನ ಶಿಬಿರ ಮುಗಿಸಿಕೊಂಡು ಭಾರತ ಮಹಿಳಾ ಹಾಕಿ ತಂಡದ ಹದಿನಾರು ಆಟಗಾರ್ತಿಯರು ಸಂಜೆಯ ಮೀಟರ್ ಗೇಜ್ ರೈಲು ಹತ್ತಿದಾಗ, ಎಲ್ಲರಿಗಿಂತ ಹೆಚ್ಚು ಸಂಭ್ರಮ ನನ್ನದಾಗಿತ್ತು. ಮುಂಬಯಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಯುರೋಪಿನಲ್ಲಿ ಆಡಬೇಕಿದ್ದ ತಂಡ ಅದು. ನಡುವೆ ಮೂರು ದಿನ ನಮ್ಮ ಸೀಮೆಯಲ್ಲಿ ಇಳಿದು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಲ್ಲಿ ಒಂದೊಂದು ಪ್ರದರ್ಶನ ಪಂದ್ಯ ಆಡುವುದೆಂದು ಗೊತ್ತಾಗಿತ್ತು. ತಂಡದಲ್ಲಿ ಕನ್ನಡದವಳು ನಾನೊಬ್ಬಳೇ. ಊರು ಹಾವೇರಿ ತಾಲೂಕಿನ ಗುತ್ತಲ, ಹೆಸರು ನೀಲಾ, ಆಡುತ್ತಿದ್ದದ್ದು ರೈಟ್ ಹಾಫ್ ಜಾಗದಲ್ಲಿ.

ಪಂದ್ಯಗಳನ್ನು ಗೊತ್ತುಮಾಡಿದವರು ನಮ್ಮ ದೊಡ್ಡಪ್ಪ. ಗುತ್ತಲದಲ್ಲಿ ಹೊಲಮನೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ಮೂರೂ ಊರಿನಲ್ಲಿ ಓಡಾಟ ಇದ್ದ ಮನುಷ್ಯ. ಹಾವೇರಿಯಲ್ಲಿ ಒಂದು ಸಮುದಾಯ ಭವನ ಕಟ್ಟಿಸಲು ಕಮಿಟಿ ಮಾಡಿಕೊಂಡು, ಅದರ ಸಹಾಯಾರ್ಥ ಟಿಕೀಟು ಹಚ್ಚಿ ಆಟ ಆಡಿಸುವುದೆಂದು ದಿಲ್ಲಿಯ ಹಾಕಿ ಸಂಸ್ಥೆಯವರ ಒಪ್ಪಿಗೆ ತರಿಸಿದ್ದರು. ನನ್ನನ್ನು ಧಾರವಾಡದ ಕ್ರೀಡಾ ಹಾಸ್ಟೆಲಿಗೆ ಕಳಿಸಲು ಅಪ್ಪ ಹಿಂದೆಮುಂದೆ ನೋಡಿದಾಗ "ಹೋಗ್ಲಿ ಬಿಡೋ, ಹುಡುಗಿಗೆ ಹುರುಪೈತಿ" ಅಂದವರೂ ಇದೇ ದೊಡ್ಡಪ್ಪ. ಹಾಗಾಗಿ ರೈಲಿನಲ್ಲಿ ನಾನು ಗೆಳತಿಯರ ಮುಂದೆ ನಮ್ಮ ಕಡೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ನಮ್ಮ ಮಂದಿಯ ಪ್ರೀತಿ ಎಲ್ಲವನ್ನೂ ಬಾಯಿ ನೋಯುವಷ್ಟು ಹೊಗಳಿದೆ.

ಕೋಲುಗಳನ್ನು ಕಂಬಳಿಯಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕಿದ್ದೆವು. ಎದುರಿಗೆ ಕುಳಿತಿದ್ದ ದಾವಣಗೆರೆಯ ಮುದುಕರೊಬ್ಬರು ಕಾಲಿಗೆ ತಗುಲಿದ್ದನ್ನು ಬಗ್ಗಿ ನೋಡಿ, "ಏನಮ್ಮಾ ಇವು, ಕೊಡಲಿ ಕಾವಾ?" ಎಂದು ಕೇಳಿದರು. ಹಾಕಿ ಕೋಲು, ನಾವು ದೇಶಕ್ಕೆ ಆಡುವವರು ಎಂದೆ. "ಹೌದಾ? ಹೆಣ್ಣುಮಕ್ಕಳದೂ ಐತಾ ಅದು?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ತಮ್ಮ ಚೀಲದಿಂದ ಎರಡು ಹಿಡಿ ಮಂಡಕ್ಕಿ ತೆಗೆದು ಎಲ್ಲರಿಗೂ ಹಂಚಿದರು. ಆ ಮೂರು ದಿನದ ಮೇಲೆ ನೆನೆದರೆ, ಇಡೀ ಪ್ರಯಾಣದಲ್ಲಿ ನಮಗೆ ಸಿಕ್ಕ ಮೊದಲ ಮತ್ತು ಅತ್ಯಂತ ಮರ್ಯಾದಸ್ಥ ಪ್ರೇಕ್ಷಕ ಆತನೇ.

ಬೆಳಗ್ಗೆ ಹರಿಹರ ಬಿಟ್ಟು ಗಾಡಿ ತುಂಗಭದ್ರೆಯ ಸೇತುವೆ ಏರಿದಾಗ ನಮ್ಮ ಗೋಲ್‌ಕೀಪರ್ ಏತ್ವಾರಿ ಬಾಗಿಲಿನ ಹತ್ತಿರ ನಿಂತು ನದಿ ನೋಡುತ್ತಿದ್ದಳು. ರಾಂಚಿಯ ಕಡೆ ಹಳ್ಳಿಯವಳು, ಮಾತು ಕಡಿಮೆ. ಚೆಂಡು ಎಷ್ಟೇ ಜೋರಾಗಿ ಬಂದರೂ ಕಣ್ಣು ಮುಚ್ಚದವಳು ಎಂದು ತಂಡದಲ್ಲಿ ಹೆಸರಾಗಿದ್ದಳು. "ನಿಮ್ಮ ಊರಿನ ನೀರಾ ಇದು?" ಎಂದು ಹಿಂದಿಯಲ್ಲಿ ಕೇಳಿದಳು. ಹೌದು, ಇದೇ ನದಿ ನಮ್ಮೂರಿನ ಮಗ್ಗುಲಲ್ಲಿ ಹರಿಯುತ್ತದೆ ಎಂದೆ. ಅವಳು ನದಿಗೆ ಕೈ ಮುಗಿದಳು.

ರಾಣೆಬೆನ್ನೂರು ನಿಲ್ದಾಣದಲ್ಲಿ ಬ್ಯಾಂಡಿನವರು, ಹಲಗೆಯವರು, ಬುಟ್ಟಿಗಟ್ಟಲೆ ಚೆಂಡುಹೂವಿನ ಮಾಲೆ. ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿಯಲ್ಲಿ ಎದುರಿಗೇ ನಿಂತಿದ್ದರು.

"ಬಾ ನೀಲವ್ವಾ. ಅಯ್ಯ, ಎಷ್ಟ ಕರ್ರಗ ಆಗೀಯವಾ! ಇವರೊಳಗ ಕ್ಯಾಪ್ಟನ್ ಯಾರು?"

ನಾನು ಜಸ್ವಿಂದರಳನ್ನು ತೋರಿಸಿದೆ. ಜಲಂಧರದ ಕಡೆಯವಳು, ರೈಲ್ವೆಯಲ್ಲಿ ಕೆಲಸ, ಆರಡಿಗೆ ಸ್ವಲ್ಪ ಕಡಿಮೆ ಎತ್ತರ. ಅವಳು ಕೈ ಮುಗಿದಳು. ದೊಡ್ಡಪ್ಪ ಕತ್ತೆತ್ತಿ ನೋಡಿ ಪಕ್ಕದವರಿಗೆ, "ಇಕಿಗೆ ಗಂಡನ್ನ ಹುಡುಕೋದು ತ್ರಾಸ ಐತಿ" ಅಂದರು. ಪಕ್ಕದವರು ನಕ್ಕರು. ಏನಂದರು ಎಂದು ಜಸ್ವಿಂದರ ನನ್ನ ಕಡೆ ನೋಡಿದಳು. "ನೀನು ಬಹಳ ಎತ್ತರ ಅಂದರು" ಎಂದೆ. ಅವಳೂ ನಕ್ಕಳು.

ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರಿನ ಮೇಲೆ ನಮ್ಮನ್ನು ಹತ್ತಿಸಿ ಪೇಟೆಯ ತುಂಬ ಮೆರವಣಿಗೆ ಮಾಡಿಸಿದರು. ಬೀಜದ ಅಂಗಡಿ, ಬಟ್ಟೆ ಅಂಗಡಿ, ಅರಳೆ ತುಂಬಿದ ಬಂಡಿಗಳ ಸಾಲು. ಹತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ಸಂಜೆ ಆಡಬೇಕಾದವರಿಗೆ ನೆರಳು ಬೇಕು, ನೀರು ಬೇಕು ಎಂದು ಹೇಳಿದರೆ ಕೇಳುವವರಿರಲಿಲ್ಲ. ಲಾಡ್ಜಿನಲ್ಲಿ ಮಿರ್ಚಿ ಬಜಿ, ಉಪ್ಪಿಟ್ಟು, ಕೇಸರಿಬಾತು, ಚಹಾ, ಏನೂ ಕಡಿಮೆ ಇರಲಿಲ್ಲ. ಊಟದ ವಿಷಯದಲ್ಲಿ ದೊಡ್ಡಪ್ಪನನ್ನು ದೂರುವ ಹಾಗೇ ಇಲ್ಲ. ತಾವೇ ಬುಟ್ಟಿ ಹಿಡಿದು ಬಡಿಸಿದರು.

ಆಟ ನಾಲ್ಕಕ್ಕೆಂದು ಹೇಳಿದ್ದರು. ನಾಲ್ಕಕ್ಕೆ ಭಾಷಣ ಸುರುವಾಯಿತು. ನಾವು ಅಂಕಣದ ನಡುವೆ ಸಾಲಾಗಿ ನಿಂತೆವು, ವೇದಿಕೆಯ ಮೇಲೆ ನೆರಳಿನಲ್ಲಿ ಗಣ್ಯರು ಕುಳಿತರು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಮುಖ್ಯ ಅತಿಥಿಗಳು ಮೈಕು ಹಿಡಿದು ಹೀಗೆಂದರು: "ಲಟ್ಟಣಿಗಿ ಹಿಡಿಯೋ ಕೈ ಇವು. ಇವತ್ತ ಕೋಲು ಹಿಡದಾವ. ನಾಳೆ ಗಂಡನ ಮನಿಗೆ ಹೋದಮ್ಯಾಲ ಈ ಕೋಲು ಯಾರ ಬೆನ್ನಮ್ಯಾಲ ಬೀಳತೈತೋ, ಹುಷಾರ್ರಪಾ ಗಂಡಸರ!" ಮೈದಾನಕ್ಕೆ ಮೈದಾನವೇ ನಕ್ಕಿತು. ಜಸ್ವಿಂದರ ಮತ್ತೆ ಕೇಳಿದಳು. "ನಮ್ಮನ್ನು ಹೊಗಳುತ್ತಿದ್ದಾರೆ" ಎಂದೆ. ಅವಳು ತಲೆಬಾಗಿ ವಂದಿಸಿದಳು. ಚಪ್ಪಾಳೆ ಬಿತ್ತು.

ನಾವು ಎರಡು ಪಾಲಾಗಿ, ಕಡಿಮೆ ಬಿದ್ದ ಜಾಗಕ್ಕೆ ಕಾಲೇಜಿನ ಹುಡುಗರನ್ನು ಸೇರಿಸಿಕೊಂಡು ಆಡಬೇಕಿತ್ತು. ಸೀಟಿ ಊದುವ ಹೊತ್ತಿಗೆ ಹೊತ್ತು ಇಳಿದಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ಚೆಂಡು ಕಾಣದಾಯಿತು, ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ಆಟದಲ್ಲಿ ನಾನು ಕೇಳಿಸಿಕೊಂಡದ್ದನ್ನು ಎಲ್ಲವನ್ನೂ ಇಲ್ಲಿ ಬರೆಯಲಾರೆ. ರೈಟ್ ಹಾಫ್ ಅಂದರೆ ಗೆರೆಯ ಪಕ್ಕದಲ್ಲೇ ಓಡಾಡುವ ಜಾಗ, ಗೆರೆಯಾಚೆ ಮಂದಿ. "ಲಂಗ ಮರತ ಬಂದೀರೇನ್ ಬೇ?" "ಏ, ಆ ಕರೇದನ್ನ ನೋಡಲೇ, ಕಾಲು ನೋಡಲೇ." ಹದಿನಾರು ಮಂದಿಯಲ್ಲಿ ಇದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ. ಉಳಿದವರು ಅವು ಹುರಿದುಂಬಿಸುವ ಕೂಗುಗಳೆಂದು ತಿಳಿದು ಕೈ ಬೀಸುತ್ತಿದ್ದರು. ನನ್ನ ಭಾಷೆ ನನ್ನ ಕಿವಿಗೆ ಕೆಂಡದ ಹಾಗೆ ಸುಡಬಹುದೆಂದು ಅವತ್ತೇ ಗೊತ್ತಾದದ್ದು.

ಮರುದಿನ ಬೆಳಗ್ಗೆ ದೊಡ್ಡಪ್ಪ ಗೊತ್ತುಮಾಡಿದ್ದ ಟೆಂಪೋದಲ್ಲಿ ಹೆದ್ದಾರಿ ಹಿಡಿದು, ಮೋಟೆಬೆನ್ನೂರಿನ ಹತ್ತಿರ ತಿರುಗಿ ಬ್ಯಾಡಗಿ ಸೇರಿದೆವು. ಊರು ಕಾಣುವ ಮೊದಲೇ ಘಾಟು ಬಂತು. ಸುಗ್ಗಿಯ ಕಾಲ. ರಸ್ತೆಯ ಎರಡೂ ಕಡೆ, ಅಂಗಡಿಗಳ ಮಾಳಿಗೆಯ ಮೇಲೆ, ಖಾಲಿ ನಿವೇಶನಗಳಲ್ಲಿ, ಎಲ್ಲಿ ನೋಡಿದರೂ ಕೆಂಪು ಮೆಣಸಿನಕಾಯಿ ಹರವಿದ್ದರು. ಬಂಡಿ, ಲಾರಿ, ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುತ್ತ ಸಾಲಾಗಿ ಕುಳಿತ ಹೆಂಗಸರು. ಟೆಂಪೋದೊಳಗೆ ಎಲ್ಲರೂ ಸೀನತೊಡಗಿದರು. ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು.

ದೊಡ್ಡಪ್ಪನ ಪರಿಚಯದ ವ್ಯಾಪಾರಸ್ಥರ ಮನೆಯಲ್ಲಿ ಇಳಿಸಿದರು. ಆ ಮನೆಯ ಹೆಂಗಸರು ನಿಜಕ್ಕೂ ಒಳ್ಳೆಯವರು. ಕಟ್ಟಿಗೆ ಒಲೆಯ ಮುಂದೆ ಮೂವರು ಕುಳಿತು ರೊಟ್ಟಿ ಬಡಿದು ಬಡಿದು ಹಾಕಿದರು. ಕೆಂಪು ಚಟ್ನಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು. ಮನೆಯೊಡತಿ ಏತ್ವಾರಿಯ ಕೈ ಹಿಡಿದು, ಅಂಗೈಯ ಗಡಸು ಸವರಿ, "ನಮ್ಮಂಗ ದುಡದ ಕೈ ಐತಿ ಇದು" ಅಂದರು. ಅದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದೆ.

ಮೈದಾನಕ್ಕೆ ಹೋದಾಗ ನನಗೆ ನಂಬಲಾಗಲಿಲ್ಲ. ಅರ್ಧ ಮೈದಾನದ ತುಂಬ ಮೆಣಸಿನಕಾಯಿ ಹರವಿತ್ತು. ಉಳಿದರ್ಧದಲ್ಲಿ ಸುಣ್ಣದ ಗೆರೆ ಎಳೆದು ಗೋಲುಕಂಬ ನೆಟ್ಟಿದ್ದರು. ಒಂದು ಗೋಲು ಮೆಣಸಿನಕಾಯಿಯ ಅಂಚಿಗೇ ಇತ್ತು.

"ದೊಡ್ಡಪ್ಪಾ, ಇದೇನಿದು?"

"ಮಾಲು ಭಾಳ ಬಂದುಬಿಟ್ಟೈತವಾ. ಎಲ್ಲಿ ಹಾಕ್ಬೇಕು? ನಾಳೆ ಪ್ಯಾಟ್ಯಾಗ ಮಾರಾಟದ ಟೆಂಡರ್ ಐತಿ. ಆಡೋದು ಹೆಣ್ಣುಮಕ್ಕಳು, ಅರ್ಧ ಮೈದಾನ ಸಾಕಾಗತೈತಿ ತಗೋ."

ಗಂಡಸರ ತಂಡ ಬಂದಿದ್ದರೆ ಹೀಗೆ ಹೇಳುತ್ತಿದ್ದರೇ ಎಂದು ಕೇಳಬೇಕಿತ್ತು. ದಿಲ್ಲಿಯಿಂದ ನಮ್ಮ ಜೊತೆ ಬಂದಿದ್ದ ಮ್ಯಾನೇಜರ್ ಮೇಡಂ ಕೊಡೆ ಬಿಡಿಸಿಕೊಂಡು ನೋಡಿ, "ಪ್ರದರ್ಶನ ಪಂದ್ಯ ತಾನೆ, ಹೊಂದಿಸಿಕೊಳ್ಳಿ" ಎಂದರು. ಜಸ್ವಿಂದರ ಗೆರೆಗುಂಟ ಒಮ್ಮೆ ನಡೆದು ಬಂದಳು. ಅವಳ ದವಡೆ ಬಿಗಿದಿತ್ತು.

ಆಟ ಸುರುವಾಯಿತು. ಚೆಂಡು ಮತ್ತೆ ಮತ್ತೆ ಮೆಣಸಿನಕಾಯಿಯೊಳಗೆ ನುಗ್ಗುತ್ತಿತ್ತು. ತರಲು ಹೋದವರು ಸೀನುತ್ತ ಬರುತ್ತಿದ್ದರು. ಮೈಕಿನಲ್ಲಿ ಆಟದ ವರದಿ ಹೇಳುತ್ತಿದ್ದವರು ದೊಡ್ಡಪ್ಪ. ಆಟದ ತಲೆಬುಡ ಅವರಿಗೆ ಗೊತ್ತಿರಲಿಲ್ಲ. ಯಾರು ಬಿದ್ದರು, ಯಾರ ಜಡೆ ಬಿಚ್ಚಿತು, ಯಾರು ಯಾರಿಗೆ ಡಿಕ್ಕಿ ಹೊಡೆದರು ಇಷ್ಟನ್ನೇ ಹೇಳಿ ಮಂದಿಯನ್ನು ನಗಿಸುತ್ತಿದ್ದರು. ಒಂದು ಹೊಡೆತ ಎಡಮೂಲೆಗೆ ನೆಲಮಟ್ಟದಲ್ಲಿ ಬಂತು. ಏತ್ವಾರಿ ಉದ್ದಕ್ಕೂ ಚಾಚಿ ಬಿದ್ದು ಅದನ್ನು ತಡೆದಳು. ಬಿದ್ದ ರಭಸಕ್ಕೆ ಅವಳ ಮುಖ ಹೋಗಿ ಅಂಚಿನ ಮೆಣಸಿನಕಾಯಿಯಲ್ಲಿ ಹೂತಿತು. ಏಳುವಾಗ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ಕೂಗಲಿಲ್ಲ. ಮೊಣಕಾಲ ಮೇಲೆ ಕುಳಿತು ಹಿಂದೆಮುಂದೆ ತೂಗತೊಡಗಿದಳು.

ಮೈಕಿನಲ್ಲಿ ದೊಡ್ಡಪ್ಪನ ದನಿ ಬಂತು: "ಗೋಲ್ ಕಾಯೋ ಬಾಯಾರಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ರುಚಿ ಹತ್ತೇತಿ ನೋಡ್ರಿ!"

ಮಂದಿ ಹೋ ಎಂದು ನಕ್ಕರು.

ಜಸ್ವಿಂದರ ಏತ್ವಾರಿಯ ತಲೆ ಹಿಡಿದುಕೊಂಡೇ ನನ್ನತ್ತ ತಿರುಗಿದಳು. "ಅವರು ಏನಂದರು?"

"ತಮಾಷೆ ಮಾಡಿದರು."

"ಏನು ತಮಾಷೆ?"

ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಏತ್ವಾರಿಯ ಕೆನ್ನೆ ಒರೆಸುತ್ತ, "ನಿನ್ನೆ? ನಿನ್ನೆಯೂ ನಕ್ಕಿದ್ದರಲ್ಲ?" ಎಂದಳು. "ನಿನ್ನೆ ಹೊಗಳಿದ್ದರು" ಎಂದೆ. ಅವಳು ನಂಬಲಿಲ್ಲವೆಂದು ಗೊತ್ತಾಯಿತು.

ಊರಿನ ಡಾಕ್ಟರರು ಬಹಳ ಹೊತ್ತು ನೀರು ಬಿಟ್ಟು ಕಣ್ಣು ತೊಳೆದರು. ಎಡಗಣ್ಣಿನಲ್ಲಿ ಬೀಜದ ಚೂರು ಗೀರಿದೆ, ಕಟ್ಟು ಬಿಚ್ಚಬೇಡಿ, ಕೆಲವು ದಿನ ಆಡುವಂತಿಲ್ಲ ಎಂದರು. ಮೇಡಂ ಅಲ್ಲೇ, ಏತ್ವಾರಿಯ ಎದುರಿಗೇ, "ಮುಂಬಯಿಗೆ ಹೋಗುವಷ್ಟರಲ್ಲಿ ವಾಸಿಯಾಗದಿದ್ದರೆ ಇನ್ನೊಬ್ಬ ಕೀಪರಳನ್ನು ಕರೆಸುತ್ತೇನೆ" ಎಂದರು. ಅದು ಹಿಂದಿಯಲ್ಲಿ ಆಡಿದ ಮಾತು. ಅದನ್ನು ಮೆತ್ತಗೆ ಮಾಡಿ ಹೇಳುವವರು ಯಾರೂ ಇರಲಿಲ್ಲ. ಏತ್ವಾರಿ ಕಟ್ಟಿದ ಕಣ್ಣಿನಲ್ಲೇ ತಲೆಯಾಡಿಸಿದಳು. ಎರಡು ವರ್ಷ ಕಾದಿದ್ದಳು ಅವಳು ಆ ಪ್ರವಾಸಕ್ಕೆ.

ನಾನು ನೇರ ದೊಡ್ಡಪ್ಪನ ಅಂಗಡಿಗೆ ಹೋದೆ. ಅವರು ಗಾದಿಯ ಮೇಲೆ ಒರಗಿ ಕುಳಿತಿದ್ದರು.

"ಆಕಿ ಕಣ್ಣು ಹೋಗಿದ್ದರ ಏನ ಮಾಡ್ತಿದ್ದಿರಿ ದೊಡ್ಡಪ್ಪಾ?"

"ಹೋಗಿಲ್ಲಲ್ಲ. ಯಾಕ ಇಷ್ಟ ಸಿಟ್ಟ? ಮಂದಿ ನಕ್ಕರ ನಿಮಗೇನ ಕಡಿಮಿ ಆತು? ಊಟಕ್ಕ, ವಸತಿಗೆ ನಾ ಏನರ ಕೊರತಿ ಮಾಡೇನೇನು ಹೇಳು?"

ಮಾಡಿರಲಿಲ್ಲ. ಮನೆಗೆ ಬಂದ ನೆಂಟರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡಿದ್ದರು. ಆಟಗಾರರೆಂದು ಮಾತ್ರ ಒಂದು ಗಳಿಗೆಯೂ ಎಣಿಸಿರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ, "ನಾಳೆ ಹಾವೇರ್ಯಾಗರ ಛಲೋತ್ನಂಗ ಆಡಸ್ರಿ" ಎಂದು ಬಂದುಬಿಟ್ಟೆ. "ನಾಳೆ ನೋಡು ನೀ, ಮಂದಿ ಹೆಂಗ ಕೂಡತೈತಿ" ಎಂದು ಅವರು ಹಿಂದಿನಿಂದ ಕೂಗಿ ಹೇಳಿದರು.

ಮರುದಿನ ಬೆಳಗ್ಗೆ ಬ್ಯಾಡಗಿಯಿಂದ ಹಾವೇರಿಗೆ ಹೊರಟೆವು, ಅರ್ಧ ತಾಸಿನ ದಾರಿ. ಹಾವೇರಿ ನಾನು ಹೈಸ್ಕೂಲು ಓದಿದ ಊರು. ನನಗೆ ಮೊದಲು ಕೋಲು ಹಿಡಿಯಲು ಕಲಿಸಿದವರು ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಪಿ.ಟಿ. ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ನಮ್ಮ ಎದುರು ಆಡಲೆಂದು ಅವರು ದಸರೆಯಿಂದಲೇ ತಮ್ಮ ಹುಡುಗಿಯರನ್ನು ತಯಾರು ಮಾಡಿದ್ದರು. ಕರ್ಜಗಿ, ಹೊಸರಿತ್ತಿಯಿಂದ ಬಸ್ಸಿಗೆ ಬರುವ ಹುಡುಗಿಯರು ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಆಡಿ, ಆಮೇಲೆ ಪಾಠಕ್ಕೆ ಕೂಡುತ್ತಿದ್ದರಂತೆ. ಕೋಲು ಸಾಲದ್ದಕ್ಕೆ ಬಡಿಗನ ಹತ್ತಿರ ಮಾಡಿಸಿದ್ದರು. ಶಾಲೆಗೆ ಹೋಗಿ ನೋಡಿದಾಗ ಹುಡುಗಿಯರು ಸಾಲಾಗಿ ನಿಂತು ನಮ್ಮನ್ನು ಕಣ್ಣು ಮಿಟುಕಿಸದೆ ನೋಡಿದರು. ಅವರ ಸೆಂಟರ್ ಫಾರ್ವರ್ಡ್ ರೇಣುಕಾ, ಕರ್ಜಗಿಯವಳು, ಧೈರ್ಯ ಮಾಡಿ ಕೇಳಿದಳು:

"ಅಕ್ಕಾ, ನೀವು ಮೆತ್ತಗ ಆಡ್ತೀರೋ, ಖರೇನ ಆಡ್ತೀರೋ?"

"ಖರೇನ ಆಡ್ತೇವಿ."

"ಹಂಗ ಆಗ್ಲಿ" ಎಂದಳು. ಮುಖ ಊರಗಲ ಅರಳಿತು.

ಮಧ್ಯಾಹ್ನ ನಾವು ಉಳಿದುಕೊಂಡಲ್ಲಿಗೆ ಅಕ್ಕೋರು ಒಬ್ಬರೇ ನಡೆದು ಬಂದರು. ಬಿಳಿ ಸೀರೆ, ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಕಣ್ಣು ಕೆಂಪಾಗಿತ್ತು.

"ನೀಲಾ, ನಿಮ್ಮ ದೊಡ್ಡಪ್ಪಾರು ನಮ್ಮ ಹುಡುಗ್ಯಾರ ಆಟ ಬ್ಯಾಡ ಅಂದಾರ. ಆರತಿ ತಾಟು ಹಿಡದು ನಿಂದರ್ರಿ ಅಂದಾರ."

"ಮತ್ತ ನಮ್ಮ ಎದುರು ಆಡೋರು ಯಾರು?"

"ಕಮಿಟಿ ಗಂಡಸರು. ಸೀರಿ ಉಟಗೊಂಡು."

ನನಗೆ ಮೊದಲು ಅರ್ಥವಾಗಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನೇ ಒಳಗೆ ಬಂದರು, ಬಹಳ ಖುಷಿಯಲ್ಲಿ. ವ್ಯಾಪಾರಸ್ಥರು, ಕಚೇರಿಯವರು ಹನ್ನೊಂದು ಮಂದಿ ಗಂಡಸರು ಹೆಂಡತಿಯರ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಭಾರತ ತಂಡದ ಎದುರು ಆಡುತ್ತಾರೆ. ಬೆಳಗ್ಗೆಯಿಂದ ಜಟಕಾಕ್ಕೆ ಮೈಕು ಕಟ್ಟಿ ಊರಲ್ಲೆಲ್ಲ ಸಾರಿದ್ದಾರೆ.

"ಟಿಕೀಟ ಎಲ್ಲಾ ಖಾಲಿ ಆಗ್ಯಾವ ನೀಲವ್ವಾ! ಮಂದಿಗೆ ನಗಿ ಬೇಕವಾ. ಬರೇ ಹುಡುಗ್ಯಾರ ಆಟ ಯಾರು ನೋಡ್ತಾರ?"

ನಾನು ಒಳಕೋಣೆಗೆ ಹೋದೆ. ಜಸ್ವಿಂದರ ಕೋಲಿನ ಹಿಡಿಕೆಗೆ ಪಟ್ಟಿ ಸುತ್ತುತ್ತ ಕುಳಿತಿದ್ದಳು, ಪಕ್ಕದಲ್ಲಿ ಏತ್ವಾರಿ. ಅವರ ಮುಂದೆ ಕುಳಿತು ರಾಣೆಬೆನ್ನೂರಿನ ನಿಲ್ದಾಣದಿಂದ ಸುರುಮಾಡಿದೆ. ಗಂಡ ಹುಡುಕುವ ಮಾತು, ಲಟ್ಟಣಿಗೆಯ ಮಾತು, ಗೆರೆಯಾಚೆಯಿಂದ ಕೇಳಿದ ಒಂದೊಂದು ಕೂಗು, ಅರ್ಧ ಮೈದಾನ ಸಾಕೆಂದದ್ದು, ಈಗ ಸೀರೆ. ಹಿಂದಿಯಲ್ಲಿ ಸಿಗದ ಮಾತುಗಳಿಗೆ ಕೈಸನ್ನೆ ಮಾಡಿ ತೋರಿಸಿದೆ.

ಜಸ್ವಿಂದರ ನನ್ನನ್ನು ಬೈಯಲಿಲ್ಲ. "ಇಷ್ಟನ್ನೂ ನೀನು ಒಬ್ಬಳೇ ಕೇಳಿಸಿಕೊಂಡು ಓಡಾಡಿದೆಯಾ?" ಎಂದಳು. ಆಮೇಲೆ ಮೇಡಂ ಹತ್ತಿರ ಹೋದಳು. ಮೇಡಂ ಹೇಳಿದ್ದು ನಮಗೆಲ್ಲ ಕೇಳಿಸಿತು: ಅರ್ಧ ಗಂಟೆಯ ಮಾತು, ನಗುನಗುತ್ತ ಮುಗಿಸಿ, ಸಂಜೆ ರೈಲಿದೆ, ಪ್ರವಾಸದ ಮುಂಚೆ ಜಗಳ ಬೇಡ. ಜಸ್ವಿಂದರ ತಿರುಗಿ ಬಂದು ಅಕ್ಕೋರನ್ನು ತೋರಿಸಿ ನನಗೆ, "ಇವರ ಶಾಲೆಯ ಅಂಗಳ ಎಷ್ಟು ದೊಡ್ಡದಿದೆ ಕೇಳು" ಎಂದಳು.

ನಾಲ್ಕಕ್ಕೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಯಾಂಡು ಬಾರಿಸುತ್ತಿತ್ತು. ಹನ್ನೊಂದು ಮಂದಿ ಗಂಡಸರು ಬಣ್ಣಬಣ್ಣದ ಸೀರೆಯಲ್ಲಿ ಸೊಂಟ ಕುಣಿಸುತ್ತ ಬಂದರು. ಒಬ್ಬ ಬಿಂದಿಗೆ ಹೊತ್ತಿದ್ದ. ಇನ್ನೊಬ್ಬ ಹೆಜ್ಜೆಹೆಜ್ಜೆಗೂ ನಾಚಿಕೊಂಡಂತೆ ಮುಖ ಮುಚ್ಚಿಕೊಳ್ಳುತ್ತಿದ್ದ. ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ಹೆಂಗಸರ ಕಡೆಯಲ್ಲಿ ಗುತ್ತಲದಿಂದ ಬಸ್ಸಿಗೆ ಬಂದ ನಮ್ಮ ಅವ್ವ ಕುಳಿತಿದ್ದಳು. ನಾನು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅವಳು ನಗುತ್ತಿರಲಿಲ್ಲ. ಆರತಿ ತಾಟು ಹಿಡಿದ ರೇಣುಕಾ ಮತ್ತು ಉಳಿದ ಹುಡುಗಿಯರು ವೇದಿಕೆಯ ಬುಡದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ನಾವು ಸಾಲಾಗಿ ಒಳಗೆ ಬಂದೆವು. ಜಸ್ವಿಂದರ ನಡುಗೆರೆಯ ತನಕ ಹೋಗಿ, ಅಲ್ಲಿಟ್ಟಿದ್ದ ನಮ್ಮ ಚೆಂಡನ್ನು ಎತ್ತಿಕೊಂಡಳು. ನನ್ನತ್ತ ತಲೆಯಾಡಿಸಿದಳು. ನಾನು ವೇದಿಕೆ ಹತ್ತಿ, ಯಾರನ್ನೂ ಕೇಳದೆ ಮೈಕಿನ ಮುಂದೆ ನಿಂತೆ.

"ನಾವು ಹಾಕಿ ಆಡಾಕ ಬಂದೇವಿ. ಈ ಹುಡುಗ್ಯಾರ ಜೋಡಿ, ಹೆಣ್ಣುಮಕ್ಕಳ ಶಾಲಿ ಅಂಗಳದಾಗ ಆಡ್ತೇವಿ. ಆಟ ನೋಡಾವರು ಬರ್ರಿ. ನಗಾವರು ಇಲ್ಲೇ ಇರ್ರಿ."

ದೊಡ್ಡಪ್ಪ ಮೈಕು ಕಸಿದುಕೊಂಡರು. "ನೀಲಾ! ಮನೀ ಮರ್ಯಾದಿ ಕಳಿಯಾಕ ಬಂದೀಯೇನ?"

"ದೇಶಕ್ಕ ಆಡೋರ ಮುಂದ ಗಂಡಸರಿಗೆ ಸೀರಿ ಉಡಿಸಿ ನಿಲ್ಲಿಸಿದವರು ನೀವು. ಮರ್ಯಾದಿ ಕಳದಿದ್ದು ನಾನಾ?"

ಕೆಳಗೆ ಇಳಿದೆ. ರೇಣುಕಾ ತಾಟನ್ನು ವೇದಿಕೆಯ ಮೆಟ್ಟಿಲ ಮೇಲೆ ಇಟ್ಟು ಬಂದಳು, ಅವಳ ಹಿಂದೆ ಉಳಿದವರು. ಕಣ್ಣಿಗೆ ಕಟ್ಟು ಹಾಕಿದ್ದ ಏತ್ವಾರಿಯ ಕೈ ಹಿಡಿದು ಅಕ್ಕೋರು ಮುಂದೆ ನಡೆದರು. ಮೈದಾನದಿಂದ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಕೂಗು, ಸಿಳ್ಳೆ, ಕಿತ್ತಳೆ ಸಿಪ್ಪೆ, ಮಣ್ಣಹೆಂಟೆ ಬಂದವು. ಒಂದು ಹೆಂಟೆ ಜಸ್ವಿಂದರಳ ಹೆಗಲಿಗೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ. ಮೈದಾನದ ನಡುವೆ ಹನ್ನೊಂದು ಮಂದಿ ಸೀರೆ ಉಟ್ಟವರು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು. ಬ್ಯಾಂಡಿನವರಿಗೆ ಯಾರೂ ನಿಲ್ಲಿಸಿ ಎಂದಿರಲಿಲ್ಲವಾದ್ದರಿಂದ ಅವರು ಬಾರಿಸುತ್ತಲೇ ಇದ್ದರು.

ಶಾಲೆಯ ಅಂಗಳದಲ್ಲಿ ಕಲ್ಲುಹರಳಿನ ಗರಸು ಮಣ್ಣು, ಒಂದು ಕಡೆ ಹುಣಸೆಮರ, ಇನ್ನೊಂದು ಕಡೆ ಗಟಾರ. ಅಲ್ಲಿ ನಾವು ಪೂರ್ತಿ ಆಟ ಆಡಿದೆವು. ನಮ್ಮಲ್ಲಿ ಮೂವರನ್ನು ಜಸ್ವಿಂದರ ಹುಡುಗಿಯರ ಕಡೆ ಕೊಟ್ಟಳು, ತಾನೂ ಅವರ ಕಡೆಯೇ ನಿಂತಳು. ಏತ್ವಾರಿ ಅವರ ಗೋಲಿನ ಹಿಂದೆ ಕಟ್ಟೆಯ ಮೇಲೆ ಕುಳಿತು, ಒಂದೇ ಕಣ್ಣಿನಲ್ಲಿ ನೋಡುತ್ತ, ಅವರ ಕೀಪರ್ ಹುಡುಗಿಗೆ "ಎಡಕ್ಕೆ, ಮುಂದೆ" ಎಂದು ಹಿಂದಿಯಲ್ಲೇ ಕೂಗುತ್ತಿದ್ದಳು. ನಾನು ಅವತ್ತು ಆಡಿದಷ್ಟು ಒರಟಾಗಿ ಎಂದೂ ಆಡಿಲ್ಲ. ಕಾಲಿಗೆ ಸಿಕ್ಕ ಗರಸನ್ನೆಲ್ಲ ಒದೆಯುತ್ತಿದ್ದೆ. ರೇಣುಕಾ ಎರಡ್ಮೂರು ಸಲ ನನ್ನ ಹತ್ತಿರ ಚೆಂಡು ಕಳೆದುಕೊಂಡಳು. ಆಮೇಲೆ ಒಮ್ಮೆ ಬಲಕ್ಕೆ ತೋರಿಸಿ ಎಡಕ್ಕೆ ಎಳೆದುಕೊಂಡು ನನ್ನನ್ನು ದಾಟಿ ಹೋಗಿ, ಮೂಲೆಯಿಂದ ಗೋಲು ಹೊಡೆದಳು. ನಾನು ಬಿಟ್ಟುಕೊಟ್ಟದ್ದಲ್ಲ. ಅವಳು ತೆಗೆದುಕೊಂಡದ್ದು.

ಅಂಗಳದ ಗೋಡೆಗುಂಟ ನೂರರಷ್ಟು ಮಂದಿ ಸೇರಿದ್ದರು, ಹೆಚ್ಚಿನವರು ಹೆಂಗಸರು. ಅವ್ವ ಹುಣಸೆಮರದ ಕೆಳಗೆ ಕುಳಿತಿದ್ದಳು. ನಡುವೆ ಸೀರೆ ಉಟ್ಟವರಲ್ಲಿ ಒಬ್ಬಾತ, ಕಚೇರಿಯ ಗುಮಾಸ್ತನಿರಬೇಕು, ನೆರಿಗೆ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ಬಂದು ನಿಂತ. "ನೋಡಾಕ ಒಳಗ ಬರಬಹುದೇನ್ರಿ ಅಕ್ಕೋರ?" ಎಂದ.

ಸೀಟಿ ಬಾಯಿಂದ ತೆಗೆದು ಅಕ್ಕೋರು, "ಸೀರಿ ಮನ್ಯಾಗ ಇಟ್ಟ ಬರ್ರಿ" ಎಂದರು.

ಆತ ಹೋದ. ತಿರುಗಿ ಬಂದನೋ ಇಲ್ಲವೋ ನಾನು ನೋಡಲಿಲ್ಲ.

ಸಂಜೆ ನಿಲ್ದಾಣಕ್ಕೆ ಟೆಂಪೋ ಬರಲಿಲ್ಲ, ಊಟವೂ ಬರಲಿಲ್ಲ. ಗಂಟುಮೂಟೆ ಹೊತ್ತು ನಡೆದೇ ಹೋದೆವು. ಅಕ್ಕೋರು ಮತ್ತು ಹುಡುಗಿಯರು ಚುರುಮುರಿ, ಬಾಳೆಹಣ್ಣು ಕಟ್ಟಿಸಿಕೊಂಡು ಬಂದು ಕೊಟ್ಟರು. ಮೇಡಂ ದಾರಿಯುದ್ದಕ್ಕೂ ಯಾರೊಡನೆಯೂ ಮಾತಾಡಲಿಲ್ಲ. ಆಡಬೇಕಾದ ಮಾತನ್ನೆಲ್ಲ ದಿಲ್ಲಿಗೆ ಕೂಡಿಸಿಡುತ್ತಿದ್ದರೆಂದು ಆಮೇಲೆ ತಿಳಿಯಿತು. ಮುಂಬಯಿ ಮುಟ್ಟಿದ ಮೇಲೆ ಜಸ್ವಿಂದರಳ ಕ್ಯಾಪ್ಟನ್ ಪಟ್ಟ ಹೋಯಿತು. ಏತ್ವಾರಿಯ ಕಣ್ಣು ಹೊರಡುವ ದಿನಕ್ಕೆ ತಿಳಿಯಾಗಿತ್ತು. ಆದರೂ ವಿಮಾನ ಹತ್ತಿದ್ದು ಇನ್ನೊಬ್ಬಳು. ಏತ್ವಾರಿ ಒಬ್ಬಳೇ ರಾಂಚಿಯ ರೈಲು ಹತ್ತಿದಳು. ಹಾವೇರಿಯಲ್ಲಿ ಆ ವರ್ಷ ಕಮಿಟಿಯವರು ಹೆಣ್ಣುಮಕ್ಕಳ ಹಾಕಿ ಬಂದ್ ಮಾಡಿಸಿ, ಕೋಲುಗಳನ್ನು ಕೋಣೆಯಲ್ಲಿ ಹಾಕಿ ಕೀಲಿ ಜಡಿದರು. ಅಕ್ಕೋರು ಮರುವರ್ಷ ಹಟ ಹಿಡಿದು ಆ ಕೀಲಿ ತೆಗೆಸಿದರು. ಸಮುದಾಯ ಭವನ ಮಾತ್ರ ಚೆನ್ನಾಗಿ ಕಟ್ಟಿದ್ದಾರೆಂದು ಕೇಳಿದ್ದೇನೆ. ನಾನು ಅದರೊಳಗೆ ಕಾಲಿಟ್ಟಿಲ್ಲ, ಇಡುವುದೂ ಇಲ್ಲ. ಇಷ್ಟು ವರ್ಷದ ಮೇಲೆ ಸಿಟ್ಟು ಇಳಿಯಬೇಕಿತ್ತು ಎನ್ನುವವರಿದ್ದಾರೆ. ಯಾಕೆ ಇಳಿಯಬೇಕು?

ಆದರೆ ಅವತ್ತು ಹಾವೇರಿ ನಿಲ್ದಾಣದಲ್ಲಿ ಇದಾವುದೂ ನಮಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಕಡೆಗೆ ಹೋಗುವ ಗಾಡಿ ಬಂದು ನಿಂತಿತು. ಅವ್ವ ಕಿಟಕಿಯ ಹೊರಗೆ ನಿಂತು ನನ್ನ ಮೊಣಕಾಲಿನ ಗಾಯಕ್ಕೆ ಅರಿಸಿನ ಹಚ್ಚಬೇಕಿತ್ತು ಎಂದು ಪೇಚಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಪ್ಲಾಟ್‌ಫಾರ್ಮಿನ ಆ ತುದಿಯಿಂದ ದೊಡ್ಡ ಹೆಜ್ಜೆ ಹಾಕುತ್ತ ಬಂದರು. ಟೋಪಿ ಇರಲಿಲ್ಲ.

"ಇನ್ನ ಗುತ್ತಲದಾಗ ಕಾಲ ಇಡಬ್ಯಾಡ ನೀನು. ತಿಳೀತಿಲ್ಲೊ?" ಎಂದು ಕಿಟಕಿಗೆ ಬೆರಳು ತೋರಿಸಿದರು.

ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನವರ ಎದುರು ನಿಲ್ಲುವ ಪದ್ಧತಿ ಇಲ್ಲ, ಮಾತಾಡುವುದಂತೂ ದೂರ. ಅವರು ಬರುವುದು ಕಂಡರೆ ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಸರಿದುಬಿಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಅವತ್ತೂ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಅವಳು ಸೆರಗನ್ನು ತಲೆಯಿಂದ ಪೂರ್ತಿ ಕೆಳಗೆಳೆದು, ಸೊಂಟಕ್ಕೆ ಸಿಕ್ಕಿಸಿ, ಕಿಟಕಿಗೆ ಬೆನ್ನು ಕೊಟ್ಟು ದೊಡ್ಡಪ್ಪನ ಎದುರಿಗೆ ತಿರುಗಿ ನಿಂತಳು.

ಗಾಡಿ ಸಿಳ್ಳೆ ಹಾಕಿ ಹೊರಟಿತು. ಅವಳು ಏನೆಂದಳೋ ಆ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಕಿಟಕಿಗೆ ಮುಖ ಒತ್ತಿ ನೋಡಿದೆ. ಅವಳು ಕೈಯೆತ್ತಿ ಮಾತಾಡುತ್ತಿದ್ದಳು. ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದರು, ಮತ್ತೊಂದು ಹೆಜ್ಜೆ ಸರಿದರು. ಪ್ಲಾಟ್‌ಫಾರ್ಮು ಕಣ್ಮರೆಯಾಗುವ ತನಕ ಅವ್ವನ ಕೈ ಕೆಳಗಿಳಿಯಲಿಲ್ಲ.